ಹೆಂಡತಿಗೆ ಶುಗರ್ ಬಂದಿದೆ, ಗಂಡ ಏನು ಮಾಡಬೇಕು?

ಪ್ರಶ್ನೆ: ನನ್ನ ಹೆಂಡತಿಗೆ 49 ವರ್ಷ. ನಾಲ್ಕು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಇದೆ ಎಂದು ಗೊತ್ತಾಯಿತು. ಟೈಪ್ 2 ಅಂತೆ. ಎಚ್‌ಬಿಎ1ಸಿ 8.2 ಇತ್ತು. ಡಾಕ್ಟರು ಮೆಟ್‌ಫಾರ್ಮಿನ್ ಮಾತ್ರೆ ಬರೆದು, ಊಟದಲ್ಲಿ ಪಥ್ಯ ಇರಲಿ, ದಿನಾ ನಡೆಯಿರಿ ಎಂದರು. ಅವತ್ತಿನಿಂದ ಅನ್ನ ಬಿಟ್ಟು ಎರಡು ಹೊತ್ತೂ ರಾಗಿಮುದ್ದೆ ಉಣ್ಣುತ್ತಿದ್ದಾಳೆ. ಕಾಫಿಗೆ ಸಕ್ಕರೆ ಬದಲು ಬೆಲ್ಲ. ಆದರೂ ಮೊನ್ನೆ ನೋಡಿಸಿದರೆ 7.9. ವಾಕಿಂಗ್ ಹೋಗು ಎಂದರೆ, ‘ಬೆಳಗ್ಗೆಯಿಂದ ನಿಂತೇ ಇರ್ತೀನಿ, ಇನ್ನೇನು ನಡೆಯೋದು’ ಅನ್ನುತ್ತಾಳೆ. ನಾನು ಏನಾದರೂ ಹೇಳಿದರೆ ಸಿಟ್ಟು. ಹೇಳದೆ ಇದ್ದರೆ ನನಗೆ ಭಯ. ನಾನೇನು ಮಾಡಬೇಕು?
ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಮನೆಯಾಕೆಗೆ ಕಾಯಿಲೆ ಬಂದಾಗ ‘ಡಾಕ್ಟರು ಹೇಳಿದ್ದಾರಲ್ಲ, ನೋಡಿಕೊಳ್ಳುತ್ತಾಳೆ’ ಎಂದು ಸುಮ್ಮನಾಗುವವರು ಬಹಳ. ನೀವು ನಿಮ್ಮ ಪಾಲು ಏನೆಂದು ಕೇಳಿದ್ದೀರಿ. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಮನೆಯವರು ಕೇಳಬೇಕಾದ ಪ್ರಶ್ನೆಯೇ ಇದು.

ನಿಮ್ಮ ಪತ್ರದಲ್ಲಿ ಮೂರು ಸಂದೇಹಗಳಿವೆ. ಅನ್ನ ಬಿಟ್ಟು ಮುದ್ದೆ ಉಂಡರೂ ಶುಗರ್ ಏಕೆ ಇಳಿಯುತ್ತಿಲ್ಲ ಎಂಬುದು ಒಂದು. ದಿನವಿಡೀ ಮನೆಗೆಲಸ ಮಾಡುವವರಿಗೆ ನಡಿಗೆ ಬೇರೆ ಬೇಕೆ ಎಂಬುದು ಎರಡು. ಜಗಳವಾಗದಂತೆ ಸಹಾಯ ಮಾಡುವುದು ಹೇಗೆ ಎಂಬುದು ಮೂರು. ಮೊದಲೆರಡು ತಿಳಿಯಾದರೆ ಮೂರನೆಯದಕ್ಕೆ ದಾರಿ ತಾನಾಗಿ ಕಾಣುತ್ತದೆ. ಒಂದೊಂದಾಗಿ ನೋಡೋಣ.

ಮೊದಲು, ಆ ಸಂಖ್ಯೆ ಏನು ಹೇಳುತ್ತದೆ?

ನಾವು ಉಂಡ ಅನ್ನ, ಮುದ್ದೆ, ಚಪಾತಿ, ಹಣ್ಣು ಜೀರ್ಣವಾಗಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಅದು ರಕ್ತದಿಂದ ಸ್ನಾಯುಗಳ ಒಳಕ್ಕೆ ಹೋಗಲು ಇನ್ಸುಲಿನ್ ಬೇಕು. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ. ಕೆಲವು ವರ್ಷ ಕಳೆದಂತೆ ಮೇದೋಜೀರಕ ಗ್ರಂಥಿಯೂ ದಣಿದು, ಸಾಕಷ್ಟು ಇನ್ಸುಲಿನ್ ಒದಗಿಸಲಾರದೆ ಹೋಗುತ್ತದೆ. ಹಾಗಾಗಿ ಗ್ಲೂಕೋಸ್ ರಕ್ತದಲ್ಲೇ ಉಳಿಯುತ್ತದೆ.

ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟು ದಿನ ಅದಕ್ಕೆ ಅಂಟಿಕೊಂಡ ಗ್ಲೂಕೋಸಿನ ಲೆಕ್ಕ ಅದು. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹ ಎನ್ನುತ್ತಾರೆ. ಚಿಕಿತ್ಸೆ ಪಡೆಯುವ ಹೆಚ್ಚಿನವರಿಗೆ 7ಕ್ಕಿಂತ ಕಡಿಮೆ ಇರಲಿ ಎಂದು ಡಾಕ್ಟರು ಗುರಿ ಇಡುತ್ತಾರೆ. ನಿಮ್ಮವರದು 8.2ರಿಂದ 7.9ಕ್ಕೆ ಬಂದಿದೆ. ಇಳಿತ ಚಿಕ್ಕದು, ಆದರೆ ಇಳಿದಿದೆ. ಈ ಮಾತನ್ನು ಅವರಿಗೂ ಹೇಳಿ. ನಾಲ್ಕು ತಿಂಗಳು ಅನ್ನ ಬಿಟ್ಟವರಿಗೆ ‘ಏನೂ ಕಮ್ಮಿಯಾಗಿಲ್ಲ’ ಎಂಬ ಮಾತು ಕೇಳಿದರೆ ಮನಸ್ಸು ಕುಗ್ಗುತ್ತದೆ.

ಅನ್ನ ಬಿಟ್ಟು ಮುದ್ದೆ: ಇಲ್ಲಿರುವ ಗೊಂದಲ

ಇದು ನಿಮ್ಮೊಬ್ಬರ ಗೊಂದಲವಲ್ಲ. ಹಳೇ ಮೈಸೂರು ಕಡೆಯ ಹಲವು ಮನೆಗಳಲ್ಲಿ ಶುಗರ್ ಬಂದ ಕೂಡಲೇ ಮೊದಲು ಬರುವ ಸಲಹೆ ‘ಅನ್ನ ಬಿಡು, ಮುದ್ದೆ ಉಣ್ಣು’ ಎಂಬುದೇ. ರಾಗಿ ಒಳ್ಳೆಯದು ನಿಜ. ಆದರೆ ರಾಗಿಯಲ್ಲಿ ಪಿಷ್ಟ ಇಲ್ಲ ಎಂದು ಯಾರೂ ತಿಳಿಯಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು ಕ್ಯಾಲ್ಸಿಯಂನಲ್ಲಿ. ನಾರು ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗಿಂತ ಕಡಿಮೆ.

ಈಗ ನಿಮ್ಮ ಅಡುಗೆಮನೆಯಲ್ಲೇ ಒಂದು ಲೆಕ್ಕ ಮಾಡಿ ನೋಡಿ. ಮುದ್ದೆ ಮಾಡುವ ಮುಂಚೆ ಹಿಟ್ಟನ್ನು ತಕ್ಕಡಿಯಲ್ಲಿಟ್ಟು ತೂಗಿ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯಿತು ಎಂದುಕೊಳ್ಳೋಣ. ಆ ಒಂದು ಮುದ್ದೆಯಲ್ಲಿರುವ ಕಾರ್ಬೋಹೈಡ್ರೇಟು ಸುಮಾರು 85 ಗ್ರಾಂ ಅಕ್ಕಿಯಿಂದಾದ ಅನ್ನದಲ್ಲಿ ಇರುವಷ್ಟೇ. ಎಸರಿಗೆ ಒಂದು ಹಿಡಿ ಅಕ್ಕಿನುಚ್ಚನ್ನೋ ಉಳಿದ ಅನ್ನವನ್ನೋ ಹಾಕುವ ರೂಢಿ ಇದ್ದರೆ ಅದೂ ಸೇರಿತು. ಮುದ್ದೆ ಮುಗಿದ ಮೇಲೆ ‘ಮಜ್ಜಿಗೆಗೆ ಒಂದು ತುತ್ತು’ ಎಂದು ಅನ್ನ ಬಡಿಸಿಕೊಂಡರೆ ಅದೂ ಸೇರಿತು. ಅನ್ನ ಬಿಟ್ಟಿದ್ದೇವೆ ಎಂದುಕೊಂಡಿರುತ್ತೇವೆ, ಪಿಷ್ಟದ ಮೊತ್ತ ಮಾತ್ರ ಅಷ್ಟೇ ಇರುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ.

ಬೆಲ್ಲದ ಕಥೆಯೂ ಇದೇ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯೇ. ಬಣ್ಣ ಬೇರೆ, ರುಚಿ ಬೇರೆ, ರಕ್ತಕ್ಕೆ ಹೋಗಿ ಮಾಡುವ ಕೆಲಸ ಒಂದೇ. ಕಾಫಿಯಲ್ಲಿ ಬೆಲ್ಲವನ್ನು ವಾರಕ್ಕಿಷ್ಟು ಎಂದು ಕಡಿಮೆ ಮಾಡುತ್ತಾ ಬನ್ನಿ. ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ರಾಗಿ ಮಾಲ್ಟನ್ನೂ ಇಲ್ಲೇ ಹೇಳಿಬಿಡಬೇಕು. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಕಾಯಿಸಿ ಕುಡಿದರೆ ಅದು ಗಟ್ಟಿ ಆಹಾರಕ್ಕಿಂತ ಬೇಗ ರಕ್ತಕ್ಕೆ ಸೇರುತ್ತದೆ. ಬೆಲ್ಲವೂ ಬಿದ್ದರೆ ಕೇಳುವುದೇ ಬೇಡ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು?

ಮುದ್ದೆ ಬಿಡುವುದೂ ಬೇಡ, ಅನ್ನವನ್ನು ಶತ್ರು ಎಂದು ನೋಡುವುದೂ ಬೇಡ. ತಟ್ಟೆಯ ಪಾಲು ಬದಲಾದರೆ ಸಾಕು. ಅರ್ಧ ತಟ್ಟೆ ತರಕಾರಿ, ಸೊಪ್ಪು. ಕಾಲು ತಟ್ಟೆ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದ ಕಾಲು ತಟ್ಟೆ ಮುದ್ದೆ, ಅನ್ನ, ಚಪಾತಿ, ರೊಟ್ಟಿಗಳಲ್ಲಿ ಯಾವುದಾದರೂ ಒಂದು. ನಮ್ಮ ದೇಶದಲ್ಲಿ ದಿನದ ಶಕ್ತಿಯ ಶೇ 60ಕ್ಕಿಂತ ಹೆಚ್ಚು ಪಾಲು ಕಾರ್ಬೋಹೈಡ್ರೇಟಿನಿಂದಲೇ ಬರುತ್ತಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ ತೋರಿಸಿದೆ. ಕಡಿಮೆಯಾಗಬೇಕಾದ ಪಾಲು ಅದು. ಹೆಚ್ಚಾಗಬೇಕಾದದ್ದು ಕಾಳು ಮತ್ತು ಸೊಪ್ಪು.

ಇದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ. ನಿಮ್ಮ ಜಿಲ್ಲೆಯ ಬಸ್ಸಾರನ್ನೇ ನೋಡಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಸೊಪ್ಪು ಕಾಳು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ತಟ್ಟೆಯ ಮುಕ್ಕಾಲು ಭಾಗ ಅಲ್ಲೇ ಸಿದ್ಧ. ಆದರೆ ನಮ್ಮ ರೂಢಿಯಲ್ಲಿ ದೊಡ್ಡ ಮುದ್ದೆಗೆ ನಂಜಿಕೊಳ್ಳಲು ಎರಡು ಚಮಚ ಪಲ್ಯ. ಅದನ್ನು ತಿರುವುಮುರುವು ಮಾಡಿ. ಒಂದು ಬಟ್ಟಲು ತುಂಬ ಪಲ್ಯ, ಅರ್ಧ ಮುದ್ದೆ. ಹುರುಳಿಕಾಳು ಸಾರು, ಮೊಳಕೆ ಹೆಸರುಕಾಳಿನ ಉಸಲಿ, ಮಸ್ಸೊಪ್ಪು, ಅವರೆ ಬಂದಾಗ ಅವರೆಕಾಳು, ಎಲ್ಲವೂ ಈ ಲೆಕ್ಕಕ್ಕೆ ಹೊಂದುವಂಥವೇ. ತೆಂಗಿನಕಾಯಿ, ಎಣ್ಣೆ ಮಾತ್ರ ಹಿತವಾಗಿರಲಿ.

ಇನ್ನೊಂದು ಚಿಕ್ಕ ಉಪಾಯ. ಮದುವೆಮನೆಯ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬರುತ್ತವೆ, ಅನ್ನ ಆಮೇಲೆ. ನಾವು ಅನ್ನ ಬರುವವರೆಗೂ ಕೈಕಟ್ಟಿ ಕೂರುತ್ತೇವೆ. ಕೂರದೆ, ಕೋಸಂಬರಿ, ಪಲ್ಯ ತಿಂದು ಮುಗಿಸಿ ಆಮೇಲೆ ಅನ್ನಕ್ಕೆ ಕೈ ಹಾಕುವುದು ಒಳ್ಳೆಯದು. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಶುಗರ್ ಅಷ್ಟು ಏರುವುದಿಲ್ಲ ಎಂದು 2015ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವೇ ಜನರ ಮೇಲೆ ನಡೆದ ಅಧ್ಯಯನವೊಂದು ತೋರಿಸಿತು. ಖರ್ಚಿಲ್ಲದ ಅಭ್ಯಾಸ. ಮನೆಯಲ್ಲೂ ಮಾಡಿ ನೋಡಬಹುದು.

ಯಾರು ಕೊನೆಗೆ ಉಣ್ಣುತ್ತಾರೆ?

ಈಗ ನಿಮ್ಮ ಪಾಲಿನ ಕೆಲಸಕ್ಕೆ ಬರೋಣ. ಮನೆಯ ಗಂಡಸಿಗೆ ಶುಗರ್ ಬಂದರೆ ಹೆಂಡತಿ ಅಡುಗೆ ಬದಲಿಸುತ್ತಾಳೆ, ಇಡೀ ಮನೆ ಪಥ್ಯಕ್ಕೆ ಹೊಂದುತ್ತದೆ. ಅಡುಗೆ ಮಾಡುವವರಿಗೇ ಶುಗರ್ ಬಂದರೆ? ಗಂಡನಿಗೆ, ಮಕ್ಕಳಿಗೆ ಎಂದಿನ ಅಡುಗೆ. ತನಗೆ ಬೇರೆ ಮಾಡಿಕೊಳ್ಳಲು ಬೇಸರ, ಸಮಯವೂ ಇಲ್ಲ. ಎಲ್ಲರೂ ಎದ್ದ ಮೇಲೆ ಮೂರು ಗಂಟೆಗೆ ಊಟಕ್ಕೆ ಕೂತಾಗ ಪಲ್ಯದ ಪಾತ್ರೆ ಖಾಲಿಯಾಗಿರುತ್ತದೆ. ಉಳಿದಿರುವುದು ಮುದ್ದೆ ಅಥವಾ ಅನ್ನ, ತಳದ ಸಾರು. ಮಿಕ್ಕಿದ್ದನ್ನು ಚೆಲ್ಲಬಾರದು ಎಂದು ಹಸಿವಿಗಿಂತ ಎರಡು ತುತ್ತು ಹೆಚ್ಚೇ ಉಣ್ಣುತ್ತಾರೆ. ರಾತ್ರಿಯೂ ಹೀಗೆಯೇ. ಎಷ್ಟೋ ಮನೆಗಳಲ್ಲಿ ಹೆಂಗಸರ ಪಥ್ಯ ಕೆಡುವುದು ನಾಲಿಗೆ ಚಪಲದಿಂದಲ್ಲ, ಹೀಗೆ ಕೊನೆಗೆ ಉಣ್ಣುವುದರಿಂದ.

ನಿಮ್ಮ ಮನೆಯಲ್ಲಿ ಹೀಗಿದೆಯೇ ಎಂದು ಒಂದು ವಾರ ಸುಮ್ಮನೆ ಗಮನಿಸಿ. ಇದ್ದರೆ ನೀವು ಮಾಡಬೇಕಾದದ್ದು ಇಷ್ಟು.

ಒಂದು, ಅವರಿಗೆ ಹೇಳಿದ ಊಟವನ್ನೇ ನೀವೂ ಉಣ್ಣಿ. ಮನೆಗೆಲ್ಲ ಒಂದೇ ಅಡುಗೆ ಇರಲಿ. ಅವರ ತಟ್ಟೆಗೆ ಪ್ರತ್ಯೇಕ ಪಥ್ಯ, ನಿಮ್ಮ ತಟ್ಟೆಗೆ ಹಪ್ಪಳ, ಹೋಳಿಗೆ ಎಂದಾದರೆ ಯಾರ ಮನಸ್ಸೂ ಬಹಳ ದಿನ ತಡೆಯುವುದಿಲ್ಲ.

ಎರಡು, ಜತೆಯಲ್ಲೇ ಕೂತು, ಒಂದೇ ಹೊತ್ತಿಗೆ ಉಣ್ಣಿ. ಪಲ್ಯ ಮೊದಲು ಅವರ ತಟ್ಟೆಗೆ ಬೀಳಲಿ.

ಮೂರು, ಸಂತೆಯಿಂದ ತರುವ ಚೀಲ ನಿಮ್ಮ ಕೈಯಲ್ಲಿದ್ದರೆ ಅದರಲ್ಲಿ ಸೊಪ್ಪು, ಸೌತೆ, ಹೀರೆ, ಬೀನ್ಸ್, ಮೂಲಂಗಿ, ಸೀಬೆಹಣ್ಣು ಹೆಚ್ಚಿರಲಿ. ಬೇಕರಿ ಖಾರ, ಬಿಸ್ಕತ್ತು ಮನೆಗೆ ಬರುವುದು ಕಡಿಮೆಯಾಗಲಿ. ಹಣ್ಣನ್ನು ಹಣ್ಣಾಗಿಯೇ ತಿನ್ನಲಿ, ಜ್ಯೂಸ್ ಮಾಡುವುದು ಬೇಡ. ಡಬ್ಬಿಯಲ್ಲಿ ಇಲ್ಲದ್ದನ್ನು ತಿನ್ನಬೇಡ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ.

ನಾಲ್ಕು, ವಾರದಲ್ಲಿ ಕೆಲವು ಹೊತ್ತಾದರೂ ತರಕಾರಿ ಹೆಚ್ಚುವುದು, ಸೊಪ್ಪು ಸೋಸುವುದು ನಿಮ್ಮ ಕೆಲಸವಾಗಲಿ. ಸೊಪ್ಪಿನ ಅಡುಗೆ ಕಡಿಮೆಯಾಗಲು ಸೋಸುವ ಬೇಸರವೂ ಒಂದು ಕಾರಣ.

ಮನೆಗೆಲಸ ಇದ್ದೂ ನಡಿಗೆ ಏಕೆ?

‘ಬೆಳಗ್ಗೆಯಿಂದ ನಿಂತೇ ಇರ್ತೀನಿ’ ಎಂದು ಅವರು ಹೇಳಿದ್ದು ಸುಳ್ಳಲ್ಲ. ಸುಸ್ತು ನಿಜವಾದದ್ದು. ಆದರೆ ಸುಸ್ತು ಬೇರೆ, ವ್ಯಾಯಾಮ ಬೇರೆ. ಒಲೆಯ ಮುಂದೆ ನಿಂತಾಗ ಬೆನ್ನು, ಕಾಲು ನೋಯುತ್ತವೆ. ಎದೆಬಡಿತ ಏರುವುದಿಲ್ಲ, ತೊಡೆಯ ದೊಡ್ಡ ಸ್ನಾಯುಗಳು ಬಿಡದೆ ದುಡಿಯುವುದೂ ಇಲ್ಲ. ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಆಮೇಲೂ ಒಂದೆರಡು ದಿನ ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ಟೈಪ್ 2 ಇರುವವರಿಗೆ ನಡಿಗೆ ಹೇಳುವುದು ಇದಕ್ಕಾಗಿ.

ವಾರಕ್ಕೆ 150 ನಿಮಿಷ, ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಚುರುಕಾಗಿ ನಡೆಯಬೇಕೆಂಬುದು ಸಾಮಾನ್ಯ ಸಲಹೆ. ಚುರುಕು ಎಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬಾರದು, ಏಕೆಂದರೆ ಸ್ನಾಯು ಕಲಿತ ಪಾಠ ಅಷ್ಟರಲ್ಲಿ ಮರೆತುಹೋಗುತ್ತದೆ. ಇದರ ಜತೆಗೆ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಹಿಡಿದು ತೋಳೆತ್ತುವುದು, ಗೋಡೆಗೆ ಕೈಯಿಟ್ಟು ಒತ್ತುವುದು, ಇಷ್ಟರಿಂದ ಶುರು ಮಾಡಬಹುದು.

ಬೆಳಗ್ಗೆ ಐದೂವರೆಗೆ ಎದ್ದು ಷೂ ಹಾಕಿಕೊಂಡು ಹೋಗುವುದೇ ವಾಕಿಂಗ್ ಎಂದೇನೂ ಇಲ್ಲ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್ 2 ಮಧುಮೇಹವಿದ್ದ 41 ಜನರನ್ನು ಎರಡು ಬಗೆಯಲ್ಲಿ ನಡೆಸಿ ನೋಡಿದರು. ಒಮ್ಮೆ ದಿನದಲ್ಲಿ ಯಾವಾಗಲಾದರೂ ಒಟ್ಟಿಗೆ ಮೂವತ್ತು ನಿಮಿಷ. ಇನ್ನೊಮ್ಮೆ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ. ಒಟ್ಟು ನಡಿಗೆ ಒಂದೇ. ಆದರೆ ಊಟದ ನಂತರ ನಡೆದಾಗ ಊಟದ ಬಳಿಕದ ಶುಗರ್ ಸರಾಸರಿ ಶೇ 12ರಷ್ಟು ಕಡಿಮೆ ಇತ್ತು. ರಾತ್ರಿ ಊಟದ ನಂತರವಂತೂ ಇಳಿಕೆ ಇನ್ನೂ ಹೆಚ್ಚು. ಈ ಫಲಿತಾಂಶ ಪ್ರಕಟವಾದದ್ದು 2016ರಲ್ಲಿ.

ರಾತ್ರಿ ಊಟವಾದ ಮೇಲಿನ ಅರ್ಧ ಗಂಟೆಯನ್ನು ನೆನಪಿಸಿಕೊಳ್ಳಿ. ನೀವು ಟಿವಿ ಮುಂದೆ, ಅವರು ಪಾತ್ರೆಯ ಮುಂದೆ. ರಕ್ತದಲ್ಲಿ ಗ್ಲೂಕೋಸ್ ಏರುತ್ತಿರುವ ಹೊತ್ತೂ ಅದೇ, ನಡೆದರೆ ಹೆಚ್ಚು ಲಾಭವಾಗುವ ಹೊತ್ತೂ ಅದೇ. ‘ವಾಕಿಂಗ್ ಹೋಗು’ ಎಂದು ನೀವು ಹೇಳುವಾಗ ಅವರ ಕಣ್ಣ ಮುಂದೆ ಇರುವುದು ತೊಳೆಯದ ಪಾತ್ರೆ, ನೆನೆ ಹಾಕಬೇಕಾದ ಉದ್ದು, ಹೆಪ್ಪು ಹಾಕಬೇಕಾದ ಹಾಲು. ಸಿಟ್ಟು ಬರುವುದು ಸಹಜ. ‘ಹೋಗು’ ಎಂಬ ಮಾತು ‘ಬಾ, ಹೋಗೋಣ, ಪಾತ್ರೆ ಬಂದು ಇಬ್ಬರೂ ತೊಳೆಯೋಣ’ ಎಂದಾದರೆ ಆ ಸಿಟ್ಟಿಗೆ ಜಾಗ ಇರುವುದಿಲ್ಲ.

ಹೇಳುವುದು ಹೇಗೆ, ಹೇಳದಿರುವುದು ಯಾವುದನ್ನು?

ಕಾಯಿಲೆ ಇರುವವರು ದಿನಕ್ಕೆ ಹತ್ತು ಸಲ ಅದನ್ನು ನೆನೆಯುತ್ತಿರುತ್ತಾರೆ. ನಾವು ಹನ್ನೊಂದನೆಯ ಸಲ ನೆನಪಿಸಿದರೆ ಕಾಳಜಿಯೂ ಕಾವಲಿನಂತೆ ಕಾಣುತ್ತದೆ. ನಾಲ್ಕು ಜನರ ನಡುವೆ ‘ಅವಳಿಗೆ ಸ್ವೀಟ್ ಹಾಕಬೇಡಿ, ಶುಗರ್ ಇದೆ’ ಎನ್ನಬೇಡಿ. ಯಾರಿಗೆ ಹೇಳಬೇಕು, ಹೇಳಬಾರದು ಎಂಬುದು ಅವರ ಆಯ್ಕೆ. ಹಬ್ಬದ ದಿನ ಅರ್ಧ ಹೋಳಿಗೆ ತಿಂದರೆ ತಪ್ಪು ಮಾಡಿದವರಂತೆ ನೋಡಬೇಡಿ. ಅವತ್ತು ಅನ್ನ ಕಡಿಮೆ ಮಾಡಿ, ಸಂಜೆ ಸ್ವಲ್ಪ ಹೆಚ್ಚು ನಡೆದರಾಯಿತು. ಗ್ಲೂಕೋಮೀಟರ್‌ನಲ್ಲಿ 190 ಬಂದರೆ ‘ಏನು ತಿಂದೆ?’ ಎಂದು ಕೇಳುವ ಬದಲು ‘ನಿನ್ನೆ ನಿದ್ದೆ ಬಂತಾ?’ ಎಂದು ಕೇಳಿ. ನಿದ್ದೆಗೇಡು, ಜ್ವರ, ಚಿಂತೆ ಇವುಗಳಿಂದಲೂ ಶುಗರ್ ಏರುತ್ತದೆ.

ಇನ್ನೊಂದು ನೇರ ದಾರಿಯಿದೆ. ಬಿಡುವಾಗಿ ಕೂತಾಗ ‘ನನ್ನಿಂದ ಏನಾದರೆ ನಿನಗೆ ಅನುಕೂಲ? ಯಾವುದನ್ನು ನಾನು ಹೇಳಬಾರದು?’ ಎಂದು ಅವರನ್ನೇ ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ನಡೆಸಿ.

ಕೆಲವು ಎಚ್ಚರಿಕೆಗಳು

ಊಟ, ನಡಿಗೆ ಸರಿಹೋಯಿತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು. ಹಾಗಲಕಾಯಿ ರಸ, ಮೆಂತ್ಯದ ನೀರು ಮಾತ್ರೆಯ ಬದಲಿಗೆ ಬರಲಾರವು. ಶುಗರ್ ಇಳಿದಾಗ ಮಾತ್ರೆ ಕಡಿಮೆ ಮಾಡಬೇಕೋ ಬೇಡವೋ ಎಂಬುದು ಡಾಕ್ಟರು ಹೇಳಬೇಕಾದ ಮಾತು.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಕೆಳಗಿಳಿಯುವುದು ಅಪರೂಪ. ಮುಂದೆ ಗ್ಲಿಮೆಪಿರೈಡ್‌ನಂತಹ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಸೇರಿಸಿದರೆ ಊಟ ತಪ್ಪಿಸಬಾರದು. ಸಂಕಷ್ಟಿ, ಏಕಾದಶಿ ಉಪವಾಸಗಳ ವಿಷಯವನ್ನು ಡಾಕ್ಟರ ಹತ್ತಿರ ಮುಂಚೆಯೇ ಮಾತಾಡಿ. ಮೈ ಬೆವರಿ, ಕೈ ನಡುಗಿ, ಎದೆ ಹೊಡೆದುಕೊಂಡು ಶುಗರ್ 70ಕ್ಕಿಂತ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಬರಿಗಾಲಲ್ಲಿ ನಡೆಯುವುದು ಬೇಡ. ಸರಿಯಾದ ಚಪ್ಪಲಿ ಇರಲಿ. ರಾತ್ರಿ ಪಾದದಲ್ಲಿ ಗಾಯ, ಗುಳ್ಳೆ ಇದೆಯೇ ಎಂದು ನೋಡಿಕೊಳ್ಳುವ ರೂಢಿ ಬೆಳೆಸಿ. ನಡೆಯುವಾಗ ಎದೆನೋವು, ಅತಿಯಾದ ಏದುಸಿರು ಬಂದರೆ ನಿಲ್ಲಿಸಿ ಡಾಕ್ಟರನ್ನು ಕಾಣಬೇಕು.

ಕೊನೆಯದಾಗಿ, ನಿಮ್ಮದೂ ಪರೀಕ್ಷೆಯಾಗಲಿ

ನಿಮ್ಮ ಪತ್ರದಲ್ಲಿ ನಿಮ್ಮ ಶುಗರ್ ಎಷ್ಟು ಎಂದು ಬರೆದಿಲ್ಲ. ಸಂಗಾತಿಗೆ ಟೈಪ್ 2 ಇದ್ದರೆ ಇನ್ನೊಬ್ಬರಿಗೂ ಅದು ಬರುವ ಸಾಧ್ಯತೆ ಶೇ 26ರಷ್ಟು ಹೆಚ್ಚು ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಗಂಡ ಹೆಂಡತಿ ರಕ್ತಸಂಬಂಧಿಗಳಾಗಿರಬೇಕಿಲ್ಲ, ಆದರೂ ಹೀಗೆ. ಕಾರಣ ಊಹಿಸುವುದು ಕಷ್ಟವಲ್ಲ. ಒಂದೇ ಒಲೆ, ಒಂದೇ ಉಪ್ಪಿನಕಾಯಿ ಜಾಡಿ, ಒಂದೇ ಸೋಫಾ. ಇದರ ಇನ್ನೊಂದು ಮುಖ ಸಂತೋಷದ್ದು. ಅಮೆರಿಕದಲ್ಲಿ ಮಧುಮೇಹಿಗಳಿಗಾಗಿ ನಡೆದ ‘ಲುಕ್ ಅಹೆಡ್’ ಅಧ್ಯಯನದಲ್ಲಿ, ಊಟ ಮತ್ತು ವ್ಯಾಯಾಮದ ತರಬೇತಿ ಪಡೆದವರ ಸಂಗಾತಿಗಳ ತೂಕವೂ ಇಳಿಯಿತು. ಅವರಿಗೆ ಯಾರೂ ಏನೂ ಕಲಿಸಿರಲಿಲ್ಲ. ಮನೆ ಬದಲಾಗಿತ್ತು, ಅಷ್ಟೇ.

30 ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತವಾಗಿ ಮಾಡುತ್ತಾರೆ. ಹೆಂಡತಿಯನ್ನು ಕರೆದುಕೊಂಡು ಹೋದಾಗ ನೀವೂ ಬೆರಳು ಚಾಚಿ. ಆಗ ಪಥ್ಯ ಅವರೊಬ್ಬರದಾಗಿ ಉಳಿಯುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಇವತ್ತು ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಉಣ್ಣಿ. ಊಟವಾದ ಮೇಲೆ ಪಾತ್ರೆ ಹಾಗೆಯೇ ಇರಲಿ, ಹಾಲಿನ ಡೇರಿಯವರೆಗೆ ಹೋಗಿ ಬನ್ನಿ. ನಾಳೆ ಮುದ್ದೆ ಸ್ವಲ್ಪ ಚಿಕ್ಕದಾಗಲಿ, ಪಲ್ಯದ ಬಟ್ಟಲು ದೊಡ್ಡದಾಗಲಿ. ಹೀಗೆ ಮೂರು ತಿಂಗಳು ನಡೆಸಿ ಮತ್ತೆ ಎಚ್‌ಬಿಎ1ಸಿ ನೋಡಿಸಿ. ಏನು ಬಂತು ಎಂದು ನಮಗೂ ಬರೆದು ತಿಳಿಸಿ. ಬರೆಯುವಾಗ ಇಬ್ಬರ ಲೆಕ್ಕವೂ ಇರಲಿ.